ತಂಗಿಗೆ ಉಣಿಸುವ ಹುಡುಗ ಶಾಲೆಯಲ್ಲಿ ಯಾಕೆ ತಳ್ಳುತ್ತಾನೆ? ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರು, ವಯಸ್ಸು ಮತ್ತು ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಮಲ್ಲು ಎಂಟು ವರ್ಷದ ಹುಡುಗ. ಬೆಂಗಳೂರಿನ ಹೊರವಲಯದ ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿ. ಯಾದಗಿರಿ ಕಡೆಯಿಂದ ಗುಳೆ ಬಂದ ಕುಟುಂಬ, ವಾಸ ತಗಡಿನ ಶೆಡ್ಡಿನಲ್ಲಿ. ಅಪ್ಪ ಸೆಂಟ್ರಿಂಗ್ ಕೆಲಸಕ್ಕೆ, ಅವ್ವ ಗಾರೆ ಕೆಲಸದಲ್ಲಿ ಹೆಲ್ಪರ್ ಆಗಿ ಹೋಗುತ್ತಾರೆ. ಚಿಕ್ಕವರನ್ನು ತಳ್ಳುತ್ತಾನೆ, ಪೆನ್ಸಿಲ್ ಕಿತ್ತುಕೊಳ್ಳುತ್ತಾನೆ, ಬಿದ್ದವರನ್ನು ನೋಡಿ ನಗುತ್ತಾನೆ ಎಂಬುದು ಶಾಲೆಯ ದೂರು. "ಇವನಿಗೆ ಕನಿಕರ ಅನ್ನೋದೇ ಇಲ್ಲ" ಎಂದರು ಟೀಚರ್. ಅವ್ವ ಹೇಳಿದ್ದೇ ಬೇರೆ: "ಮನ್ಯಾಗ ಹಂಗಿಲ್ರೀ ಮೇಡಂ. ತಂಗೀಗಿ ಉಣಿಸೂದು, ಮಾರಿ ತೊಳಿಯೂದು ಎಲ್ಲಾ ಅಂವನೇ."

ಇಬ್ಬರದೂ ನಿಜವೇ. ಮಕ್ಕಳ ವರ್ತನೆ ಅಳೆಯಲು ಬಳಸುವ ಎಸ್‌ಡಿಕ್ಯೂ ಪ್ರಶ್ನಾವಳಿಯಲ್ಲಿ 25 ಹೇಳಿಕೆಗಳಿವೆ. ಅವುಗಳಲ್ಲಿ 5 ಹೇಳಿಕೆಗಳು ಇತರರ ಭಾವನೆಗೆ ಮಿಡಿಯುವುದು, ಹಂಚಿಕೊಳ್ಳುವುದು, ನೆರವಾಗುವುದು ಇಂಥವಕ್ಕೆ ಸಂಬಂಧಿಸಿದ್ದು. ಆ ಭಾಗದ ಒಟ್ಟು ಅಂಕ 10. 4 ಅಥವಾ ಅದಕ್ಕಿಂತ ಕಡಿಮೆ ಬಂದರೆ ಗಮನ ಕೊಡಬೇಕು. ಟೀಚರ್ ತುಂಬಿದ್ದರಲ್ಲಿ 3 ಬಂತು, ಅವ್ವನನ್ನು ಕೇಳಿ ತುಂಬಿದ್ದರಲ್ಲಿ 8. ಅಂದರೆ ಹುಡುಗನಿಗೆ ಕನಿಕರವನ್ನು ಹೊಸದಾಗಿ ಕಲಿಸಬೇಕಿಲ್ಲ. ಮನೆಯಲ್ಲಿರುವ ಗುಣ ಶಾಲೆಯಲ್ಲಿ ಹೊರಗೆ ಬಾರದಂತೆ ಏನು ತಡೆಯುತ್ತಿದೆ ಎಂದು ಹುಡುಕಬೇಕು.

ಟೀಚರಿಗೆ ಎರಡು ವಾರ ಒಂದು ಪಟ್ಟಿ ಬರೆಯಲು ಹೇಳಲಾಯಿತು: ಜಗಳ ಎಷ್ಟು ಗಂಟೆಗೆ, ಅದಕ್ಕೆ ತುಸು ಮುಂಚೆ ಏನಾಯಿತು, ನಂತರ ಯಾರು ಏನು ಮಾಡಿದರು. ಹೆಚ್ಚಿನ ಜಗಳಗಳು ಬಿಸಿಯೂಟಕ್ಕೆ ಮೊದಲೇ ನಡೆದಿದ್ದವು. ಊಟದ ನಂತರ ಬಹುತೇಕ ಇಲ್ಲ. ಕಾರಣ ಶೆಡ್ಡಿನಲ್ಲಿ ಸಿಕ್ಕಿತು. ಅಪ್ಪ, ಅವ್ವ ಎಂಟಕ್ಕೆ ಹೊರಡುತ್ತಾರೆ. ರಾತ್ರಿ ಉಳಿದ ರೊಟ್ಟಿಯನ್ನು ಮಲ್ಲು ಮೂರೂವರೆ ವರ್ಷದ ತಂಗಿಗೆ ತಿನ್ನಿಸಿ, ಪಕ್ಕದ ಶೆಡ್ಡಿನ ಆಯಿಯ (ಅಜ್ಜಿಯ) ಹತ್ತಿರ ಬಿಟ್ಟು ಬರುತ್ತಾನೆ. ಅಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತದೆ, ಕ್ಷೀರಭಾಗ್ಯದ ಹಾಲೂ ಮುಗಿದಿರುತ್ತದೆ. ತಡವಾಗಿ ಬಂದದ್ದಕ್ಕೆ ಬಾಗಿಲಲ್ಲಿ ನಿಲ್ಲಿಸುತ್ತಾರೆ, ಒಳಗಿನ ಮಕ್ಕಳು ನಗುತ್ತಾರೆ. ಖಾಲಿ ಹೊಟ್ಟೆ, ಮೇಲೆ ಅವಮಾನ. ಮನೆಯಲ್ಲಿ ಮಾಡಿದ ಉಪಕಾರಕ್ಕೆ ಈ ಮಗು ದಿನಾ ಶಾಲೆಯಲ್ಲಿ ಶಿಕ್ಷೆ ಅನುಭವಿಸುತ್ತಿತ್ತು.

ಬಡತನದಲ್ಲಿ ಬೆಳೆದವರು ಒರಟಾಗುತ್ತಾರೆ ಎನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ. ಬಿಯಾಟ್ರಿಸ್ ಮತ್ತು ಜಾನ್ ವೈಟಿಂಗ್ ದಂಪತಿ 1975ರಲ್ಲಿ ಪ್ರಕಟಿಸಿದ ಆರು ಸಮಾಜಗಳ ಅಧ್ಯಯನದಲ್ಲಿ ಕೆನ್ಯಾ, ಮೆಕ್ಸಿಕೊ, ಫಿಲಿಪ್ಪೀನ್ಸ್‌ನ ಹಳ್ಳಿ ಮಕ್ಕಳು ಅಮೆರಿಕದ ಪಟ್ಟಣದ ಮಕ್ಕಳಿಗಿಂತ ಹೆಚ್ಚು ಆರೈಕೆಯ ನಡವಳಿಕೆ ತೋರಿದ್ದರು. ಮನೆಗೆ ನಿಜವಾಗಿ ಬೇಕಾದ ಕೆಲಸ, ಮುಖ್ಯವಾಗಿ ಚಿಕ್ಕವರನ್ನು ನೋಡಿಕೊಳ್ಳುವುದು, ಅವರ ಪಾಲಿಗಿತ್ತು. ಆದರೆ ದೊಡ್ಡವರ ಹೊರೆಯೇ ಮಗುವಿನ ಹೆಗಲಿಗೆ ಬಿದ್ದು, ಅದರ ಊಟ, ನಿದ್ದೆ, ಓದು ತಪ್ಪುವಂತಾದರೆ ಅದೇ ಕೆಲಸ ಸಿಟ್ಟನ್ನು ಬೆಳೆಸುತ್ತದೆ.

ಹಾಗಾಗಿ ಮೊದಲ ಸಲಹೆ ಹುಡುಗನಿಗಲ್ಲ. ತಂಗಿಗೆ ಮೂರು ವರ್ಷ ದಾಟಿದ್ದರಿಂದ ಅಂಗನವಾಡಿಗೆ ಸೇರಿಸುವುದು, ಬೆಳಿಗ್ಗೆ ಅವಳನ್ನು ಕರೆದೊಯ್ಯುವುದನ್ನು ಆಯಿಗೆ ವಹಿಸುವುದು. ರೊಟ್ಟಿ ಎರಡು ಪಾಲು. ಅವ್ವ ಹೊರಡುವ ಮೊದಲೇ ಮಲ್ಲು ಅವಳ ಕಣ್ಣೆದುರು ತಿನ್ನಬೇಕು, ಇಲ್ಲದಿದ್ದರೆ ಅವನು ತನ್ನ ಪಾಲನ್ನೂ ತಂಗಿಗೇ ಕೊಟ್ಟುಬಿಡುತ್ತಾನೆ. ತಡವಾಗಿ ಬಂದರೂ ಒಂದು ಲೋಟ ಹಾಲು ತೆಗೆದಿಡಬೇಕು, ಬಾಗಿಲಲ್ಲಿ ನಿಲ್ಲಿಸಬಾರದು ಎಂದು ಶಾಲೆಗೆ ತಿಳಿಸಲಾಯಿತು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ.

ಎರಡನೆಯದು, ತಳ್ಳಿದಾಗ ಆಡಬೇಕಾದ ಮಾತು. ಅಪ್ಪ ಹೊಡೆಯುತ್ತಿದ್ದರು, ಟೀಚರ್ ಬೈಯುತ್ತಿದ್ದರು. ಹೊಡೆತ ತಿಂದ ಮಗು ತನ್ನ ನೋವನ್ನು ಮಾತ್ರ ನೋಡುತ್ತದೆ, ತಾನು ಮಾಡಿದ ನೋವನ್ನು ನೋಡುವುದಿಲ್ಲ. ಅದರ ಬದಲು ಮಗುವಿನ ಎತ್ತರಕ್ಕೆ ಕೂತು, ದನಿ ಏರಿಸದೆ ಹೇಳಬೇಕು: "ನೀ ದಬ್ಬಿದ್ದಕ್ಕ ಅವನ ಮೊಣಕೈ ಕೆತ್ತಿ ರಕ್ತ ಬಂದಾದ. ಉರೀಲಿಕತ್ತಾದ. ಈಗ ಏನ್ ಮಾಡೂಣು?" ಇಷ್ಟೇ. ಉತ್ತರ ಬರಲು ಕಾಯಬೇಕು. ತಕ್ಷಣ ಸಾರಿ ಕೇಳು ಎಂದು ಒತ್ತಾಯಿಸಿದರೆ ತುಟಿಯ ಮೇಲಿನ ಸಾರಿ ಬರುತ್ತದೆ. ಗಾಯ ತೊಳೆಯಲು ನೀರು ತರುವುದು, ಕಿತ್ತುಕೊಂಡ ಪೆನ್ಸಿಲ್ ಚೂಪು ಮಾಡಿ ಕೊಡುವುದು ಮುಂತಾದ, ಕೈಯಿಂದ ಆಗುವ ಪರಿಹಾರ ಬೇಕು. ಸಿಟ್ಟಿನ ಭರದಲ್ಲಿದ್ದಾಗ ಇದ್ಯಾವುದೂ ತಲೆಗೆ ಹೋಗುವುದಿಲ್ಲ. ಮೊದಲು ನೀರು ಕುಡಿಸಿ, ಉಸಿರು ಹದಕ್ಕೆ ಬಂದ ಮೇಲೆ ಮಾತು.

ಮೂರನೆಯದು ಶಾಲೆಯಲ್ಲಿ ಒಂದು ಕೆಲಸ. ಬಿಸಿಯೂಟಕ್ಕೆ ಮುಂಚೆ ಒಂದನೇ ತರಗತಿಯ ನಾಲ್ಕು ಮಕ್ಕಳಿಗೆ ಕೈ ತೊಳೆಯಲು ಮಗ್ಗಿನಲ್ಲಿ ನೀರು ಹಾಕುವುದು. ಹತ್ತು ನಿಮಿಷದಲ್ಲಿ ಮುಗಿಯಬೇಕು, ಮೊದಲ ವಾರ ಐದನೇ ತರಗತಿಯ ಒಬ್ಬ ಹುಡುಗಿ ಜೊತೆಗಿರಬೇಕು. ತಂಗಿಯ ಮುಖ ತೊಳೆದು ಪಳಗಿದ ಕೈಗೆ ಇದು ಹೊಸ ವಿದ್ಯೆಯಲ್ಲ. ಅನೇಕ ಶಾಲೆಗಳು ಇಲ್ಲೇ ಎಡವುವುದು: ತುಂಟ ಹುಡುಗನ ಕೈಗೆ ಕೋಲು ಕೊಟ್ಟು ಮಾನಿಟರ್ ಮಾಡುತ್ತಾರೆ. ಅವನು ಕಲಿಯುವುದು ದರ್ಪ. ಕೆಲಸವನ್ನು ಶಿಕ್ಷೆಯಾಗಿ ಕೊಟ್ಟರೂ ಕೆಡುತ್ತದೆ. ಬಹುಮಾನವೂ ಬೇಡ. 2008ರಲ್ಲಿ ವಾರ್ನೆಕೆನ್ ಮತ್ತು ಟೊಮಸೆಲ್ಲೊ ಪ್ರಕಟಿಸಿದ ಪ್ರಯೋಗದಲ್ಲಿ, ನೆರವಿಗೆ ಪ್ರತಿಯಾಗಿ ವಸ್ತು ಪಡೆದ 20 ತಿಂಗಳ ಮಕ್ಕಳು ನಂತರ ನೆರವಾಗುವುದು ಕಡಿಮೆಯಾಯಿತು. ಏನನ್ನೂ ಪಡೆಯದ ಮಕ್ಕಳಲ್ಲಿ ಹಾಗಾಗಲಿಲ್ಲ. "ನೀನು ನೀರು ಹಾಕಿದ್ದಕ್ಕೆ ಪುಟ್ಟಿಯ ತೋಳು ಒದ್ದೆಯಾಗಲಿಲ್ಲ" ಎಂದು ಕಂಡದ್ದನ್ನು ಹೇಳಿದರೆ ಸಾಕು.

ಆರನೇ ವಾರದ ಹೊತ್ತಿಗೆ ಪಟ್ಟಿಯಲ್ಲಿ ಜಗಳ ಕಡಿಮೆಯಾಗಿತ್ತು, ನಿಂತಿರಲಿಲ್ಲ. ಅಪ್ಪ ಕುಡಿದು ಗಲಾಟೆ ಮಾಡಿದ ರಾತ್ರಿಯ ಮರುದಿನ ಹಳೆಯ ವರ್ತನೆ ಮರಳುತ್ತಿತ್ತು. ಅಂಥ ದಿನ ಕೆಲಸವನ್ನು ಕಸಿಯಬಾರದು. ಬೆಳಿಗ್ಗೆ ಟೀಚರ್ ಹತ್ತಿರ ಕೂರಿಸಿಕೊಳ್ಳಬೇಕು. ಅಪ್ಪನಿಗೆ ಸರ್ಕಾರಿ ಆಸ್ಪತ್ರೆಯ ಮದ್ಯಬಿಡುವಿನ ಚಿಕಿತ್ಸೆಗೆ ಪತ್ರ ಕೊಡಲಾಗಿದೆ, ಅವರು ಇನ್ನೂ ಹೋಗಿಲ್ಲ. ಮಗುವಿನ ಮೈಮೇಲೆ ಗಾಯ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದು ಶಾಲೆಯ ಜವಾಬ್ದಾರಿ.

ಕಟ್ಟಡ ಮುಗಿದರೆ ಕುಟುಂಬ ಬೇರೆ ಸೈಟಿಗೆ ಹೋಗುತ್ತದೆ. ಅದಕ್ಕಾಗಿ ಅವ್ವನ ಕೈಗೆ ಮುಂದಿನ ಶಾಲೆಗೆ ಕೊಡಲು ಒಂದು ಚೀಟಿ ಬರೆದುಕೊಡಲಾಗಿದೆ: ಬೆಳಿಗ್ಗೆ ತಿಂದಿದ್ದಾನೆಯೇ ಕೇಳಿ, ಚಿಕ್ಕ ಮಕ್ಕಳ ಜೊತೆ ಮೊದಲ ವಾರವೇ ಒಂದು ಸಣ್ಣ ಕೆಲಸ ಕೊಡಿ, ತಳ್ಳಿದರೆ, ಏನಾಯಿತೆಂದು ತೋರಿಸಿ ಸರಿಪಡಿಸಲು ಬಿಡಿ, ತಡವಾಗಿ ಬಂದರೆ ಒಳಗೆ ಕರೆಯಿರಿ.