ತೋಟ ಮಾರಾಟವಾಗ್ತಿದೆ, 18 ವರ್ಷ ದುಡಿದ ಅಮ್ಮನಿಗೆ ಏನೂ ಬರಲ್ಲ ಅಂತಾರೆ. ನಿಜವಾ?

ನೀವು ಕೇಳಿದ್ದು ಇಷ್ಟು. ಅಮ್ಮ ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ 18 ವರ್ಷದಿಂದ ಕೆಲಸಕ್ಕಿದ್ದಾರೆ, ತೋಟದವರು ಆಳುಗಳಿಗೆ ಕೊಡುವ ಲೈನ್ ಮನೆಯಲ್ಲೇ ವಾಸ. ತೋಟ 80 ಎಕರೆ, ಆಳುಗಳು ಇಪ್ಪತ್ತೈದರ ಮೇಲೆ. ಈಗ ಮಾರಾಟದ ಮಾತು ನಡೆದಿದೆ. "ನೀನು ಟೆಂಪರರಿ, 20 ಸಾವಿರ ತಗೊಂಡು ಸೈನ್ ಹಾಕು" ಅಂದಿದ್ದಾರೆ.

ಸದ್ಯಕ್ಕೆ ಸೈನ್ ಹಾಕಿಸಬೇಡಿ. ಹೆಬ್ಬೆಟ್ಟೂ ಬೇಡ.

ನಾನು ಕೊಡಗಿನ ತೋಟಗಳಲ್ಲಿ ರೈಟರ್ ಆಗಿದ್ದವನು. ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಬರೆದಿದ್ದೇ ನನ್ನ ಕೆಲಸ. ಹಾಗಾಗಿ ಈ "ಟೆಂಪರರಿ" ಅನ್ನೋ ಮಾತು ಎಲ್ಲಿಂದ ಹುಟ್ಟುತ್ತದೆ ಅಂತ ಚೆನ್ನಾಗಿ ಗೊತ್ತು. ಗ್ರಾಚುಟಿ, ಅಂದರೆ ಕೆಲಸ ಬಿಡುವಾಗ ದುಡಿದ ವರ್ಷಗಳ ಲೆಕ್ಕದಲ್ಲಿ ಧಣಿ ಕೊಡಬೇಕಾದ ಹಣ, ಅದಕ್ಕೆ ಪರ್ಮನೆಂಟ್, ಟೆಂಪರರಿ ಅನ್ನೋ ಭೇದ ಇಲ್ಲ. ಐದು ವರ್ಷ ಬಿಡದೆ ಕೆಲಸ ಮಾಡಿದ್ದರೆ ಸಾಕು. ಒಂದು ವರ್ಷದಲ್ಲಿ 240 ದಿನ ಹಾಜರಿ ಇದ್ದರೆ ಅದು ಪೂರ್ತಿ ವರ್ಷ. ಜುಲೈ, ಆಗಸ್ಟಿನಲ್ಲಿ ಮಳೆ ಅಂತ ಧಣಿಯೇ ಕೆಲಸ ನಿಲ್ಲಿಸಿದ್ದರೆ ಅದು ಆಳಿನ ತಪ್ಪಲ್ಲ, ಅದರಿಂದ ಸರ್ವಿಸ್ ಮುರಿಯುವುದಿಲ್ಲ. ಈ ಒಂದು ವಿಷಯ ನಮ್ಮ ಕಡೆ ಯಾರೂ ಆಳುಗಳಿಗೆ ಹೇಳುವುದಿಲ್ಲ.

ಲೆಕ್ಕ ಸುಲಭ. ವರ್ಷಕ್ಕೆ 15 ದಿನದ ಕೂಲಿ. ದಿನಗೂಲಿ 450 ರೂಪಾಯಿ ಅಂತ ಇಟ್ಟುಕೊಳ್ಳಿ. 15ರಿಂದ ಗುಣಿಸಿದರೆ 6,750. 18 ವರ್ಷಕ್ಕೆ 1,21,500. ಅವರು ಕೊಡ್ತೀವಿ ಅಂದಿರೋ 20 ಸಾವಿರ ಎಲ್ಲಿ, ಇದೆಲ್ಲಿ! ಕೆಜಿ ಲೆಕ್ಕದಲ್ಲಿ ಕೂಲಿ ತಗೊಳ್ಳುವವರಾದರೆ ಕೆಲಸ ಬಿಡುವ ಮುಂಚಿನ ಮೂರು ತಿಂಗಳ ಸರಾಸರಿ ಹಿಡಿಯುತ್ತಾರೆ. ರೋಬಸ್ಟಾ ಕುಯ್ಲು ಮುಗಿದ ಕೂಡಲೇ ಬಿಟ್ಟರೆ ಸರಾಸರಿ ಜಾಸ್ತಿ, ಮಳೆಗಾಲ ಕಳೆದ ಮೇಲೆ ಬಿಟ್ಟರೆ ಕಡಿಮೆ. ತಾರೀಖು ಯಾರು ಯಾಕೆ ಆರಿಸುತ್ತಾರೆ ಅಂತ ನೋಡಿಕೊಳ್ಳಿ.

5 ಹೆಕ್ಟೇರ್, ಅಂದರೆ ಹನ್ನೆರಡೂವರೆ ಎಕರೆಯ ಆಚೀಚೆ, ಅದಕ್ಕಿಂತ ಸಣ್ಣ ತೋಟಗಳಲ್ಲಿ ಈ ಹಕ್ಕುಗಳನ್ನು ಹಿಡಿದು ಕೇಳುವುದು ಕಷ್ಟ. 1951ರ ತೋಟ ಕಾರ್ಮಿಕರ ಕಾಯ್ದೆ ಹಾಕಿದ್ದ ಗೆರೆ ಅದು: 5 ಹೆಕ್ಟೇರ್, 15 ಆಳು. ಕೊಡಗಿನಲ್ಲಿ ಸಣ್ಣ ತೋಟಗಳೇ ಜಾಸ್ತಿ, ಹಾಗಾಗಿ ತುಂಬಾ ಜನ ಗೆರೆಯ ಆಚೆ ಉಳಿದರು. ನಿಮ್ಮದು 80 ಎಕರೆ, ಆ ತಲೆನೋವಿಲ್ಲ. 2025ರ ನವೆಂಬರ್ 21ರಿಂದ ಹಳೇ ಕಾಯ್ದೆಗಳ ಜಾಗಕ್ಕೆ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಯಾರಾದರೂ "ಆ ಕಾನೂನೇ ಈಗ ಇಲ್ಲ" ಅಂತ ಹೆದರಿಸಿದರೆ ನಂಬಬೇಡಿ, 15 ದಿನದ ಲೆಕ್ಕ ಹೊಸದರಲ್ಲೂ ಇದೆ.

ಈಗ ನಿಜವಾದ ತೊಂದರೆಗೆ ಬರುತ್ತೇನೆ. ಕಾನೂನು ನಿಮ್ಮ ಕಡೆ ಇದ್ದರೂ ಜಗಳ ಬೀಳೋದು ಕಾಗದದ ಮೇಲೆ. ಚೆಕ್‌ರೋಲ್ ಅಂದರೆ ಉದ್ದನೆಯ ಪುಸ್ತಕ. ಎಡಗಡೆ ಹೆಸರು, ಪಕ್ಕದಲ್ಲಿ 1ರಿಂದ 31ರವರೆಗೆ ತಾರೀಖಿನ ಮನೆಗಳು. ಬಂದ ದಿನಕ್ಕೆ ಒಂದು ಗುರುತು, ಅರ್ಧ ದಿನಕ್ಕೆ ಇನ್ನೊಂದು. ಕುಯ್ಲಿನ ಕಾಲದಲ್ಲಿ ಸಂಜೆ ಹಣ್ಣು ತೂಕ ಹಾಕಿ, ಚೀಲದ ತೂಕ ಕಳೆದು, ಕೆಜಿ ಬರೆಯುವುದು. ಗಂಡ ಹೆಂಡತಿ ಇಬ್ಬರೂ ಕುಯ್ದಿದ್ದು ಒಂದೇ ರಾಶಿಗೆ ಬೀಳುತ್ತದೆ, ತೂಕ ಗಂಡನ ಹೆಸರಿಗೆ. ನಾನು ಕೆಲಸ ಮಾಡಿದ ಒಂದು ತೋಟದಲ್ಲಿ ಎಷ್ಟೋ ಹೆಂಗಸರು ಜನವರಿಯಿಂದ ಮಾರ್ಚ್‌ವರೆಗೆ ಪುಸ್ತಕದಲ್ಲೇ ಇರುತ್ತಿರಲಿಲ್ಲ. ಬೆನ್ನು ಬಗ್ಗಿಸಿ ದುಡಿದವರು ಅವರೇ! ವರ್ಷ ವರ್ಷ ಹೊಸ ಪುಸ್ತಕ ತೆರೆದು "ಹೊಸದಾಗಿ ಸೇರಿದವರು" ಅಂತ ಬರೆಸುವವರೂ ಇದ್ದಾರೆ. ನಿಮ್ಮ ಅಪ್ಪನೂ ಅದೇ ತೋಟದಲ್ಲಿದ್ದರೆ ಅವರ ಹೆಸರಿನ ಹಾಜರಿಯನ್ನೂ ಕೇಳಿ ಅನ್ನೋದು ಇದಕ್ಕೇ.

ಪುಸ್ತಕ ಅವರ ಕೈಯಲ್ಲಿದೆ, ಸರಿ. ನಿಮ್ಮ ಕೈಯಲ್ಲೂ ಸಾಕ್ಷಿ ಇದೆ, ನೀವು ಗಮನಿಸಿಲ್ಲ ಅಷ್ಟೇ. ಪಿಎಫ್ ಕಟ್ಟಿದ್ದರೆ ಅದರ ದಾಖಲೆಯಲ್ಲಿ ಸೇರಿದ ತಾರೀಖು ಇರುತ್ತದೆ, ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಇಲ್ಲದಿದ್ದರೆ ಲೈನ್ ಮನೆ ವಿಳಾಸದ ಹಳೇ ರೇಷನ್ ಕಾರ್ಡ್, ವೋಟರ್ ಐಡಿ. ನಿಮ್ಮ ತಮ್ಮನೋ ತಂಗಿಯೋ ಹುಟ್ಟಿದಾಗಿನ ತಾಯಿ ಕಾರ್ಡ್. ನೀವು ಒಂದನೇ ಕ್ಲಾಸಿಗೆ ಸೇರಿದಾಗ ಶಾಲೆಯ ರಿಜಿಸ್ಟರಿನಲ್ಲಿ ತಂದೆ ತಾಯಿ ಉದ್ಯೋಗ "ತೋಟದ ಕೂಲಿ" ಅಂತ ತೋಟದ ಹೆಸರಿನ ಜೊತೆ ಬರೆದಿರಬಹುದು, ಅದರ ನಕಲು ತಗೊಳ್ಳಿ. ಬ್ಯಾಂಕಿಗೆ ಕೂಲಿ ಬಂದಿದ್ದರೆ ಸ್ಟೇಟ್‌ಮೆಂಟ್. ಜೊತೆಯಲ್ಲಿ ದುಡಿದು ಈಗ ಬೇರೆ ತೋಟಕ್ಕೆ ಹೋದ ಒಬ್ಬಿಬ್ಬರ ಹೇಳಿಕೆ. ಇನ್ನೂ ಅದೇ ಲೈನಿನಲ್ಲಿ ಇರುವವರನ್ನು ಸಾಕ್ಷಿಗೆ ಎಳೆಯಬೇಡಿ, ಪಾಪ, ಅವರಿಗೂ ಮನೆ ಬೇಕಲ್ವಾ.

ಮನೆಯ ವಿಷಯ ಬೇರೆ. ಲೈನ್ ಮನೆ ಕೆಲಸಕ್ಕೆ ಅಂಟಿಕೊಂಡದ್ದು, ಎಷ್ಟು ವರ್ಷ ಇದ್ದರೂ ಸ್ವಂತ ಆಗಲ್ಲ. ಆದರೆ ಕರೆಂಟ್ ಕಿತ್ತು, ಹೆಂಚು ಇಳಿಸಿ ಹೊರಗೆ ಹಾಕುವ ಹಾಗೂ ಇಲ್ಲ. ಮನೆ ಬಿಡುವ ತನಕ ಗ್ರಾಚುಟಿ ತಡೆಯಬಹುದಾ ಅನ್ನೋದರಲ್ಲಿ ಕೋರ್ಟುಗಳು ಒಂದೇ ಥರ ಹೇಳಿಲ್ಲ, ಅದಕ್ಕೇ ಎರಡನ್ನೂ ಬೇರೆ ಬೇರೆ ಪತ್ರದಲ್ಲಿ ಕೇಳಿ. ಲೈನ್ ಬಿಟ್ಟ ಮೇಲೆ ಹೋಗುವುದೆಲ್ಲಿಗೆ ಅನ್ನೋದು ಕೊಡಗಿನ ದೊಡ್ಡ ಪ್ರಶ್ನೆ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತಾಗ ಇಡೀ ರಾಜ್ಯಕ್ಕೆ ಅದು ಕಂಡಿತು. ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಜಾಗ ಕೊಟ್ಟರು. ನಿವೇಶನಕ್ಕೆ ಪಂಚಾಯಿತಿಯಲ್ಲಿ ಈಗಲೇ ಅರ್ಜಿ ಹಾಕಿಡಿ.

ಅಡ್ವಾನ್ಸ್ ಬಾಕಿ ಇದೆಯಾ? ಇದ್ದರೆ ಎಷ್ಟು ಅಂತ ಬರೆಸಿಕೊಳ್ಳಿ. "ಸಾಲ ತೀರುವ ತನಕ ಹೊಸ ಧಣಿ ಹತ್ತಿರ ದುಡಿಯಬೇಕು" ಅಂದರೆ ಅದು ಜೀತ. 1976ರ ಕಾಯ್ದೆಯ ಪ್ರಕಾರ ಅಪರಾಧ.

ತೋಟ ಮಾರಿದ ಮಾತ್ರಕ್ಕೆ ಹಳೇ ಸರ್ವಿಸ್ ಅಳಿಸಿ ಹೋಗಲ್ಲ. ಹೊಸಬರು ಅಮ್ಮನನ್ನು ಅದೇ ಕೂಲಿಗೆ, ಅದೇ ಸವಲತ್ತಿಗೆ ಮುಂದುವರಿಸಿ, ಹಿಂದಿನ ವರ್ಷಗಳ ಹೊಣೆಯನ್ನೂ ಒಪ್ಪಬೇಕು. ಇಲ್ಲದಿದ್ದರೆ ಹಳಬರು ನೋಟಿಸ್ ಕೊಟ್ಟು, ಗ್ರಾಚುಟಿಯ ಜೊತೆ ವರ್ಷಕ್ಕೆ 15 ದಿನದ ಕೂಲಿಯ ಪರಿಹಾರ ಬೇರೆ ಕೊಡಬೇಕು. ನನಗನ್ನಿಸುವುದು, ಹೊಸಬರು ಮುಂದುವರಿಸಿಯೇ ತೀರುತ್ತಾರೆ. ಅಸ್ಸಾಂ, ಬಂಗಾಳದಿಂದ ಆಳು ಕರೆಸಿದರೂ ಕುಯ್ಲಿಗೆ ಕೈ ಸಾಲದ ಕಾಲ ಇದು. ಯಾವ ಬಳ್ಳಿಯ ಮೆಣಸು ಮೊದಲು ಹಣ್ಣಾಗುತ್ತದೆ ಅಂತ ಗೊತ್ತಿರುವ ಹೆಂಗಸನ್ನು ಯಾರು ಬಿಡ್ತಾರೆ?

ಮೊದಲು ಕಾಗದ ಕೂಡಿಸಿ, ಆಮೇಲೆ ಧಣಿ ಹತ್ತಿರ ಮಾತು. ಒಪ್ಪದಿದ್ದರೆ ಮಡಿಕೇರಿಯಲ್ಲಿ ಕಾರ್ಮಿಕ ಇಲಾಖೆ ಕಚೇರಿಗೆ ಅರ್ಜಿ, ಸ್ವೀಕೃತಿ ತಗೊಳ್ಳದೆ ಬರಬೇಡಿ. ಒಬ್ಬರೇ ಹೋಗಲು ಹಿಂಜರಿಕೆ ಆದರೆ ಎಐಟಿಯುಸಿ, ಸಿಐಟಿಯು ಥರದ ಯೂನಿಯನ್ನಿನವರನ್ನು ಜೊತೆಗೆ ಕರೆದುಕೊಳ್ಳಿ. ಹೊಸಬರು ಮುಂದುವರಿಸುತ್ತೇವೆ ಅಂದರೆ ಪತ್ರ ಬರೆಸಿಕೊಳ್ಳಿ, ಅದರಲ್ಲಿ ಅಮ್ಮ ಸೇರಿದ ವರ್ಷ ಇರಲಿ, ಮಾರಾಟದ ವರ್ಷ ಅಲ್ಲ.