ಫೂಟಿ ಅರ್ಥ ಆಗ್ಬೇಕು ಅಂದ್ರೆ ದೊಡ್ಡ ಸ್ಟೇಡಿಯಂ ಬೇಡ ತಮ್ಮ, ಗುಡ್ಡದ್ ಮೇಲೆ ಕೂರು

ತಮ್ಮ, ನೀನು ಕೇಳಿದ್ದು ಪೂರ್ತಿ ಓದ್ದೆ. ಸಿಡ್ನಿಯ ವೆಸ್ಟ್‌ಮೀಡ್‌ಗೆ ಬಂದು ಮೂರ್ನಾಲ್ಕು ತಿಂಗಳಾಯ್ತು, ಸೋಮವಾರ ಬೆಳಿಗ್ಗೆ ಆಫೀಸಲ್ಲಿ ಎಲ್ರೂ ಫೂಟಿ ಫೂಟಿ (ಇಲ್ಲಿನ ರಗ್ಬಿ ಲೀಗ್ ಆಟ) ಅಂತ ಮಾತಾಡ್ತಾರೆ, ನಾನು ತಲೆಯಾಡಿಸ್ಕೊಂಡು ಕಾಫಿ ಕುಡೀತಾ ನಿಂತಿರ್ತೀನಿ, ಇದನ್ನ ಕಲೀಲೇಬೇಕಾ, ಒಂದ್ಸಲ ನೋಡೋಣ ಅಂದ್ರೆ ಎಲ್ಲಿಗೆ ಹೋಗೋದು, ಹೆಂಡ್ತಿ ಮಗೂನ ಕರ್ಕೊಂಡು ಹೋಗ್ಬಹುದಾ, ತಿನ್ನಕ್ಕೆ ವೆಜ್ ಸಿಗುತ್ತಾ ಅಂತ ಕೇಳಿದ್ದೀಯ. ಜೊತೆಗೆ ಬಾಡಿಗೆ, ಕಾರು, ಸ್ಕೂಲು. ನೀನು ಅಂತಾನೇ ಕರೀತೀನಿ, ಮಂಡ್ಯ ಕಡೆಯೋನು ಅಂದಿದ್ದೀಯ, ನನ್ ತಮ್ಮನ ವಯಸ್ಸಿರ್ಬೇಕು.

ಬಾಡಿಗೆ ಕಾರು ಸ್ಕೂಲು ಬೇಗ ಮುಗಿಸಿಬಿಡ್ತೀನಿ. ಮನೆ ಸ್ಟೇಷನ್‌ಗೆ ನಡ್ಕೊಂಡು ಹೋಗೋ ಅಷ್ಟು ಹತ್ರ ಇರ್ಲಿ, ಒಂದು ರೂಮ್ ಕಮ್ಮಿ ಆದ್ರೂ ಪರ್ವಾಗಿಲ್ಲ. ಕಾರು ಈಗ್ಲೇ ಬೇಡ. ಸ್ಕೂಲು ಸರ್ಕಾರಿದೇ ಚೆನ್ನಾಗಿರುತ್ತೆ, ಅಡ್ರೆಸ್ ನೋಡಿ ಸೇರಿಸ್ಕೋತಾರೆ, ಊರಿನ ಥರ ಡೊನೇಷನ್ನು ಇನ್‌ಫ್ಲುಯೆನ್ಸು ಅಂತ ತಲೆ ಕೆಡಿಸ್ಕೋಬೇಡ. ಬಾಂಡ್ (ಬಾಡಿಗೆ ಮನೆ ಅಡ್ವಾನ್ಸ್) ಕಟ್ಟೋವಾಗ ಮನೆಯ ಪ್ರತಿ ಮೂಲೆ ಫೋಟೋ ತೆಗೆದಿಟ್ಕೋ. ಇಷ್ಟೇ. ಇದೆಲ್ಲ ಹೇಳೋರು ಇಲ್ಲಿ ನೂರು ಜನ ಸಿಗ್ತಾರೆ.

ಫೂಟಿ ವಿಷ್ಯ ಮಾತ್ರ ನಮ್ಮೋರು ಯಾರೂ ಹೇಳಲ್ಲ. ನಮ್ಮೋರು ಇಲ್ಲಿ ಕ್ರಿಕೆಟ್ ಬಿಟ್ಟು ಬೇರೆ ಕಡೆ ನೋಡಲ್ಲ, ನೋಡಿದ್ರೂ ಇಂಡಿಯಾ ಟೀಮ್ ಬಂದಾಗ ಎಸ್‌ಸಿಜಿಗೆ (ಸಿಡ್ನಿ ಕ್ರಿಕೆಟ್ ಗ್ರೌಂಡ್‌ಗೆ) ಹೋಗಿ ಬಂದ್ರೆ ಮುಗೀತು. ಮೊದ್ಲು ಒಂದು ತಿಳ್ಕೋ, ಸಿಡ್ನಿಲಿ ಫೂಟಿ ಅಂದ್ರೆ ರಗ್ಬಿ ಲೀಗ್, ಮೆಲ್ಬರ್ನ್‌ನೋರು ಫೂಟಿ ಅಂದ್ರೆ ಅದೇ ಬೇರೆ ಆಟ. ಒಂದ್ ಕಡೆ 13 ಜನ, ನಲವತ್ತು ನಿಮಿಷದ ಎರಡು ಹಾಫು, ಬಾಲ್ ಹಿಂದಕ್ಕೆ ಮಾತ್ರ ಪಾಸ್ ಮಾಡ್ಬೇಕು, ಎದುರಾಳಿ ಹಿಡ್ಕೊಂಡು ನೆಲಕ್ಕೆ ಕೆಡವಿದ್ರೆ ಒಂದು ಟ್ಯಾಕಲ್, ಆರು ಟ್ಯಾಕಲ್ ಆದ್ರೆ ಬಾಲ್ ಅವರಿಗೆ ಹೋಗುತ್ತೆ, ಅದಕ್ಕೇ ಐದನೇದು ಆದ್ಮೇಲೆ ಸಾಮಾನ್ಯವಾಗಿ ಒದ್ದುಬಿಡ್ತಾರೆ. ಗೆರೆ ದಾಟಿ ಬಾಲ್ ನೆಲಕ್ಕೆ ಒತ್ತಿದ್ರೆ ಟ್ರೈ, 4 ಪಾಯಿಂಟು, ಆಮೇಲೆ ಕಂಬದ ಮಧ್ಯೆ ಒದ್ರೆ ಇನ್ನೂ 2. ನೀನು ಕಬಡ್ಡಿ ನೋಡಿ ಬೆಳೆದೋನು, ಹಿಡಿಯೋದು, ಬಿಡಿಸ್ಕೊಂಡು ಒಂದು ಮೊಳ ಮುಂದಕ್ಕೆ ಎಳ್ಕೊಂಡು ಹೋಗೋದು ನಿನಗೆ ಹೇಳಿಕೊಡ್ಬೇಕಾಗಿಲ್ಲ, ಅರ್ಧ ಗಂಟೇಲಿ ಕಣ್ಣಿಗೆ ಹತ್ತುತ್ತೆ.

ಎಲ್ಲಿಗೆ ಹೋಗೋದು ಅಂದ್ರೆ, ಒಲಿಂಪಿಕ್ ಪಾರ್ಕ್‌ನ ದೊಡ್ಡ ಸ್ಟೇಡಿಯಂಗೆ ಮೊದಲ ಸಲಾನೇ ಹೋಗ್ಬೇಡ. 80 ಸಾವಿರಕ್ಕೂ ಮೇಲೆ ಸೀಟಿರೋ ಜಾಗದಲ್ಲಿ ಮಾಮೂಲಿ ಲೀಗ್ ಮ್ಯಾಚಿಗೆ ಜನ ಬಂದ್ರೂ ಅರ್ಧ ಖಾಲಿ ಹೊಡೀತಿರುತ್ತೆ, ಆಟಗಾರರು ಇರುವೆ ಥರ ಕಾಣ್ತಾರೆ, ನೀನು ಕೊನೆಗೆ ದೊಡ್ಡ ಸ್ಕ್ರೀನ್ ನೋಡ್ಕೊಂಡು ವಾಪಸ್ ಬರ್ತೀಯ. ಹೋಗೋದಾದ್ರೆ ಬಡಾವಣೆ ಗ್ರೌಂಡಿಗೆ ಹೋಗು. ಲೈಕಾರ್ಟ್ ಓವಲ್, ಬ್ರೂಕ್‌ವೇಲ್, ಕೊಗರಾ, ಬೆಲ್ಮೋರ್, ಕ್ಯಾಂಬೆಲ್‌ಟೌನ್. ಈ ಆಟ ಇಲ್ಲಿ 1908ರಲ್ಲಿ ಶುರುವಾಗಿದ್ದೇ ಬಡಾವಣೆ ಕ್ಲಬ್‌ಗಳಿಂದ, ಆಟ ಆಡಿ ಮೈಕೈ ಮುರ್ಕೊಂಡು ಕೂಲಿ ಕಳ್ಕೊಳ್ಳೋ ದುಡಿಯೋ ಜನಕ್ಕೆ ದುಡ್ಡು ಕೊಡ್ಬೇಕು ಅನ್ನೋ ಜಗಳದಿಂದ. ಆ ಬಡಾವಣೆ ನೆನಪು ಈ ಗ್ರೌಂಡ್‌ಗಳಲ್ಲಿ ಮಾತ್ರ ಇನ್ನೂ ಉಳಿದಿರೋದು.

ನನಗೆ ಇದರಲ್ಲಿ ಒಂದು ನೋವಿದೆ, ಅದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ.

ನಾನು ಬಂದಿದ್ದು 1998ರ ಚಳಿಗಾಲದಲ್ಲಿ, ವೈಟುಕೆ ಕೆಲಸಕ್ಕೆ, ಅಂದ್ರೆ 2000ನೇ ಇಸವಿ ಬಂದಾಗ ಕಂಪ್ಯೂಟರ್ ತಾರೀಖು ಕೆಡದಂಗೆ ಸರಿ ಮಾಡೋ ಕೆಲಸಕ್ಕೆ. ಆಗ ನಮ್ಮೋರು ತುಂಬಾ ಜನ ಹಾಗೇ ಬಂದಿದ್ದು. ಆಫೀಸು ನಾರ್ತ್ ಸಿಡ್ನಿಲಿ. ಅಲ್ಲಿಂದ ಸ್ವಲ್ಪ ಮೇಲಕ್ಕೆ ನಡೆದ್ರೆ ನಾರ್ತ್ ಸಿಡ್ನಿ ಓವಲ್, ಬೇರ್ಸ್ ಟೀಮಿನ ಮನೆ, ಕೆಂಪು ಕಪ್ಪು ಜೆರ್ಸಿ. 1908ರ ಮೊದಲ ಕ್ಲಬ್‌ಗಳಲ್ಲಿ ಒಂದು, 1921 ಮತ್ತೆ 1922ರಲ್ಲಿ ಗೆದ್ದಿದ್ದು, ಆಮೇಲೆ ಗೆದ್ದೇ ಇಲ್ಲ. ನಮ್ಮ ಟೀಮಲ್ಲಿ ವಯಸ್ಸಾದ ಮೇನ್‌ಫ್ರೇಮ್ ಆಪರೇಟರ್ ಒಬ್ರಿದ್ರು, ಚಿಕ್ಕೋರಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಬೇರ್ಸ್ ಮ್ಯಾಚ್ ನೋಡಿದೋರು. ಸೀಸನ್ ಡ್ರಾ, ಅಂದ್ರೆ ಯಾವ ಮ್ಯಾಚ್ ಯಾವತ್ತು ಅನ್ನೋ ಪಟ್ಟಿ, ಒಂದು ಹಾಳೇಲಿ ಪ್ರಿಂಟ್ ತೆಗೆದು ನಾಲ್ಕು ಮಡಿಕೆ ಮಾಡಿ ಶರ್ಟ್ ಜೇಬಲ್ಲಿ ಇಟ್ಕೊಂಡಿರ್ತಿದ್ರು, ಸೋತ ಮ್ಯಾಚು ಗೆದ್ದ ಮ್ಯಾಚು ಪೆನ್ಸಿಲಲ್ಲಿ ಬರ್ಕೊಂಡಿರ್ತಿದ್ರು, ಮಡಿಕೆ ಹರಿದ ಕಡೆ ಸೆಲೋಟೇಪ್. ಊಟದ ಹೊತ್ತಿಗೆ ಆ ಹಾಳೆ ನನ್ನ ಮೇಜಿನ ಮೇಲೆ ಬಿಡಿಸಿ ಈ ಭಾನುವಾರ ಬಾ, ನಿಂಗೆ ಆಟ ಹೇಳಿಕೊಡ್ತೀನಿ ಅನ್ನೋರು. ನಾನೂ ಬರ್ತೀನಿ ಅಂತಾನೇ ಇದ್ದೆ. ಆದ್ರೆ ಶನಿವಾರ ಭಾನುವಾರ ಅಂದ್ರೆ ಆಗ ಟೆಸ್ಟಿಂಗು, ಓವರ್‌ಟೈಮ್ ಬಿಟ್ರೆ ಊರಲ್ಲಿ ತಂಗಿ ಮದುವೆ ನಿಲ್ಲುತ್ತೆ, ನಿನಗೆ ಗೊತ್ತಲ್ಲ ಹೇಗೆ ಅಂತ. ಮುಂದಿನ ಸೀಸನ್ ಖಂಡಿತ ಅಂದೆ, 1999ರಲ್ಲೂ ಅದನ್ನೇ ಅಂದೆ.

ಮುಂದಿನ ಸೀಸನ್ ಬರಲೇ ಇಲ್ಲ. ತೊಂಬತ್ತರ ದಶಕದ ಮಧ್ಯೆ ಇಲ್ಲಿ ಸೂಪರ್ ಲೀಗ್ ಅನ್ನೋ ಎದುರಾಳಿ ಲೀಗಿನ ಜಗಳ ಆಗಿ 1997ರಲ್ಲಿ ಎರಡು ಬೇರೆ ಬೇರೆ ಲೀಗೇ ನಡೆದಿತ್ತು, ರಾಜಿ ಆಗಿ 1998ರಲ್ಲಿ ಒಂದಾದಾಗ 20 ಟೀಮು, 2000ಕ್ಕೆ 14ಕ್ಕೆ ಇಳಿಸ್ತೀವಿ ಅಂತ ತೀರ್ಮಾನ ಆಯ್ತು. ಬೇರ್ಸ್ ಉತ್ತರಕ್ಕೆ ಗಾಸ್‌ಫರ್ಡ್‌ಗೆ ಹೋಗ್ಬೇಕು ಅಂತ ಪ್ಲಾನ್ ಹಾಕಿದ್ರು, ಅಲ್ಲಿ ಸ್ಟೇಡಿಯಂ ಕೆಲಸ ಮಳೆಗೆ ತಡ ಆಯ್ತು, ದುಡ್ಡೂ ಮುಗೀತು. 1999 ಮುಗಿಯೋ ಹೊತ್ತಿಗೆ ಟೀಮೇ ಇಲ್ಲ. ಮ್ಯಾನ್ಲಿ ಅನ್ನೋ ಇನ್ನೊಂದು ಟೀಮ್ ಜೊತೆ ಸೇರಿಸಿ ನಾರ್ದರ್ನ್ ಈಗಲ್ಸ್ ಅಂತ ಮಾಡಿದ್ರು, ಅದೂ ಉಳೀಲಿಲ್ಲ, ಮ್ಯಾನ್ಲಿ 2003ರಲ್ಲಿ ತನ್ನ ಹೆಸರಿಗೆ ವಾಪಸ್ ಹೋಯ್ತು, ಬೇರ್ಸ್‌ಗೆ ವಾಪಸ್ ಹೋಗಕ್ಕೆ ಜಾಗ ಇರ್ಲಿಲ್ಲ. ಅದೇ ಹೊತ್ತಲ್ಲಿ ಬಾಲ್ಮೇನ್ ಮತ್ತೆ ವೆಸ್ಟರ್ನ್ ಸಬರ್ಬ್ಸ್ ಸೇರಿ ವೆಸ್ಟ್ಸ್ ಟೈಗರ್ಸ್ ಆಯ್ತು, ಸೌತ್ ಸಿಡ್ನಿನ ಹೊರಗೆ ಹಾಕಿದ್ರು, ಅವ್ರು ಬೀದಿಗಿಳಿದು ಕೋರ್ಟಿಗೆ ಹೋಗಿ ಹೋರಾಡಿ 2002ಕ್ಕೆ ವಾಪಸ್ ಬಂದ್ರು.

ನಮ್ಮ ಆಫೀಸಿನ ಹಿರಿಯರ ಕುರ್ಚಿ ಮೇಲೆ ಯಾವಾಗ್ಲೂ ಇರ್ತಿದ್ದ ಕೆಂಪು ಕಪ್ಪು ಸ್ಕಾರ್ಫು ಒಂದಿನ ಕಾಣ್ಲಿಲ್ಲ. ನಾನು ಕೇಳಿದೆ. ಮನೇಲಿ ಇಟ್ಟೆ ಅಂದ್ರು ಅಷ್ಟೇ, ಕೆಲಸಕ್ಕೆ ತಿರುಗಿದ್ರು. ಅವತ್ತು ನನಗೆ ಅರ್ಥ ಆಗ್ಲಿಲ್ಲ, ಒಂದು ಟೀಮಿಗೆ ಇಷ್ಟೊಂದು ಯಾಕೆ ಅನ್ನಿಸ್ತು. ಆಮೇಲೆ ನಾನೇ ಗ್ರೌಂಡ್‌ಗಳಿಗೆ ಹೋಗಕ್ಕೆ ಶುರು ಮಾಡಿದ್ಮೇಲೆ ಅರ್ಥ ಆಯ್ತು. ಅವರಿಗೆ ಹೋಗಿದ್ದು ಭಾನುವಾರ ಮಧ್ಯಾಹ್ನ, ಅಪ್ಪನ ಜೊತೆ ಕೂತ ಜಾಗ, ಆ ಜಾಗದಲ್ಲಿ ಸುತ್ತ ಇರ್ತಿದ್ದ ಮುಖಗಳು. ಬೇರ್ಸ್ ಹುಡುಗ್ರು ಫಸ್ಟ್ ಗ್ರೇಡ್ (ದೊಡ್ಡ ಲೀಗ್) ಆಡೋದನ್ನ ನಾನು ಆ ಓವಲಲ್ಲಿ ನೋಡ್ಲೇ ಇಲ್ಲ, ಆಫೀಸಿನ ಕಿಟಕಿಯಿಂದ ಅಷ್ಟು ಹತ್ರ ಇದ್ರೂ. ಈಗ್ಲೂ ಆ ರಸ್ತೇಲಿ ಹೋದಾಗ ಹೊಟ್ಟೇಲಿ ಏನೋ ಹಿಂಡಿದಂಗಾಗುತ್ತೆ. ಇಲ್ಲಿಗೆ ಬಂದ್ಮೇಲೆ ಎಲ್ಲಾ ಮುಂದಕ್ಕೆ ಹಾಕ್ತೀವಿ ತಮ್ಮ, ಪಿಆರ್ (ಕಾಯಂ ಇರೋ ವೀಸಾ) ಆಗ್ಲಿ, ಮನೆ ಆಗ್ಲಿ, ಸಾಲ ತೀರ್ಲಿ ಅಂತ. ಊರಲ್ಲಿರೋದೆಲ್ಲ ನಾವಿಲ್ಲದೇ ಬದಲಾಗುತ್ತೆ ಅಂತ ಹೊರಡೋವಾಗ್ಲೇ ಗೊತ್ತಿರುತ್ತೆ, ಅದಕ್ಕೆ ಮನಸ್ಸು ಗಟ್ಟಿ ಮಾಡ್ಕೊಂಡಿರ್ತೀವಿ. ಈ ಊರೂ ನಮಗೋಸ್ಕರ ಕಾಯಲ್ಲ ಅನ್ನೋದು ಯಾರೂ ಹೇಳಿರಲ್ಲ.

ವರ್ಷಗಳಾದ್ಮೇಲೆ ಅವರ ಜೊತೆನೇ ಅಲ್ಲಿಗೆ ಹೋದೆ. ಬೇರ್ಸ್ ಇನ್ನೂ ಅಲ್ಲಿ ಕೆಳಗಿನ ಹಂತದ ನ್ಯೂ ಸೌತ್ ವೇಲ್ಸ್ ಕಪ್ ಆಡ್ತಾರೆ. ಚೆಂದದ ಗ್ರೌಂಡು ಕಣೋ. ಬಾಬ್ ಸ್ಟ್ಯಾಂಡ್ ಅಂತ ಒಂದಿದೆ, ಅದು ಮೊದ್ಲು ಎಸ್‌ಸಿಜಿಲಿ ಇದ್ದಿದ್ದು, ಬಿಚ್ಚಿ ತಂದು ಇಲ್ಲಿ ನಿಲ್ಲಿಸಿದ್ದಾರೆ. ಒಂದು ಕೊನೇಲಿ ನಮ್ಮ ಆಲದ ಜಾತಿಯ ದೊಡ್ಡ ಫಿಗ್ ಮರ. ಮೊದಲ ಸಲ ಅದರ ಕೆಳಗೆ ನಿಂತಾಗ ನನಗೆ ಊರಿನ ಕಟ್ಟೆ ನೆನಪಾಗಿ ಅರ್ಧ ಮ್ಯಾಚ್ ನೋಡ್ಲೇ ಇಲ್ಲ. ಅವ್ರು ಮಾತ್ರ ಸ್ಟ್ಯಾಂಡಲ್ಲಿ ಯಾವ ಸಾಲು ಯಾವ ಸೀಟು ಅಂತ ಹುಡುಕದೇ ನೇರ ಹೋಗಿ ಕೂತ್ರು. ಈಗ ನಿವೃತ್ತಿ ಆಗಿ ಕರಾವಳಿ ಕಡೆ ಹೋಗಿದ್ದಾರೆ. 2025ರಲ್ಲಿ ಪರ್ತ್ ಬೇರ್ಸ್ ಅಂತ ಟೀಮು 2027ರಿಂದ ಎನ್‌ಆರ್‌ಎಲ್‌ಗೆ, ಅಂದ್ರೆ ದೊಡ್ಡ ಲೀಗಿಗೆ ಬರುತ್ತೆ ಅಂತ ಘೋಷಣೆ ಆದಾಗ ನಾನೇ ಫೋನ್ ಮಾಡಿದೆ. ಖುಷಿನಾ ಅಂದ್ರೆ, ಪರ್ತ್ ಸಮಯ ನಮಗಿಂತ ಹಿಂದೆ ಅಲ್ವಾ, ರಾತ್ರಿ ಮ್ಯಾಚಾದ್ರೆ ನನಗೆ ಅಷ್ಟೊತ್ತು ಎದ್ದಿರಕ್ಕಾಗುತ್ತಾ ಅಂತ ಕೇಳಿದ್ರು.

ಸರಿ, ನಿನ್ನ ಪ್ರಶ್ನೆಗೆ ಬರ್ತೀನಿ. ಮೊದಲು ಲೈಕಾರ್ಟ್ ಓವಲ್. ಅಲ್ಲಿ ಟೈಗರ್ಸ್ ವರ್ಷಕ್ಕೆ ಕೆಲವೇ ಮ್ಯಾಚ್ ಆಡೋದು, ಡ್ರಾ ಬಂದ ತಕ್ಷಣ ನೋಡಿ ಭಾನುವಾರ ಮಧ್ಯಾಹ್ನದ್ದು ಆರಿಸ್ಕೋ. ಸೆಂಟ್ರಲ್‌ಗೆ ಟ್ರೇನು, ಅಲ್ಲಿಂದ ಲೈಟ್ ರೈಲಲ್ಲಿ ಲಿಲಿಫೀಲ್ಡ್, ಆಮೇಲೆ ಜೆರ್ಸಿ ಹಾಕಿರೋರ ಹಿಂದೆ ನಡಿ. ಸೀಟ್ ಟಿಕೆಟ್ ಬೇಡ, ಗುಡ್ಡದ ಟಿಕೆಟ್ ತಗೋ, ಹುಲ್ಲಿನ ಇಳಿಜಾರು ಅದು, ಆ ಗುಡ್ಡಕ್ಕೆ ಬಾಲ್ಮೇನ್‌ನ ಹಳೇ ಆಟಗಾರ ವೇಯ್ನ್ ಪಿಯರ್ಸ್ ಹೆಸರಿಟ್ಟಿದ್ದಾರೆ. ಹಾಫ್ ಟೈಮಲ್ಲಿ ಮಕ್ಕಳು ರಟ್ಟಿನ ಡಬ್ಬ ಹರಿದು ಅದರ ಮೇಲೆ ಕೂತು ಜಾರ್ತಾರೆ, ನಿನ್ನ ಮಗಳೂ ಹತ್ತು ನಿಮಿಷದಲ್ಲಿ ಆ ಗುಂಪಲ್ಲಿರ್ತಾಳೆ, ನೋಡ್ತಿರು. ನನ್ನ ಮಗ ಇಂಗ್ಲಿಷ್ ಬಾಯಿಬಿಟ್ಟು ಮಾತಾಡಕ್ಕೆ ಶುರು ಮಾಡಿದ್ದೇ ಆ ಇಳಿಜಾರಲ್ಲಿ. 2005ರಲ್ಲಿ ಟೈಗರ್ಸ್ ಫೈನಲ್ ಗೆದ್ದಾಗ, ಬೆಂಜಿ ಮಾರ್ಷಲ್ ಓಡ್ತಾ ಓಡ್ತಾ ಬೆನ್ನ ಹಿಂದಿಂದ ಪ್ಯಾಟ್ ರಿಚರ್ಡ್ಸ್‌ಗೆ ಬಾಲ್ ಎಸೆದ ಟ್ರೈ ಇದ್ಯಲ್ಲ, ಅದನ್ನ ಅವನು ಹಾಲಲ್ಲಿ ದಿಂಬು ಇಟ್ಕೊಂಡು ಎಷ್ಟು ತಿಂಗಳು ಮಾಡ್ತಿದ್ದ. ವೀಡಿಯೋ ಹುಡುಕಿ ನೋಡು, ಆಟ ಗೊತ್ತಿಲ್ದಿದ್ರೂ ಮೈ ಜುಂ ಅನ್ನುತ್ತೆ.

ದುಡ್ಡು ಉಳಿಸ್ಬೇಕು ಅಂದ್ರೆ ಮ್ಯಾರಿಕ್‌ವಿಲ್‌ನ ಹೆನ್ಸನ್ ಪಾರ್ಕ್, ನ್ಯೂಟೌನ್ ಜೆಟ್ಸ್ ಗ್ರೌಂಡು. ಅವ್ರು 1983 ಆದ್ಮೇಲೆ ದೊಡ್ಡ ಲೀಗಿಂದ ಹೊರಗೆ ಬಿದ್ದೋರು, ಆದ್ರೂ ಜನ ಬಿಟ್ಟಿಲ್ಲ. ಮೊದ್ಲು ಇಟ್ಟಿಗೆ ಫ್ಯಾಕ್ಟರಿಯ ಮಣ್ಣು ತೆಗೆದ ಗುಂಡಿ ಅದು, ಈಗ ಸುತ್ತ ಹುಲ್ಲಿನ ದಿಬ್ಬ, ನಾಯಿ ಹಿಡ್ಕೊಂಡು ಬಂದು ಕೂರ್ತಾರೆ. ಎಷ್ಟೇ ಜನ ಬಂದಿರ್ಲಿ, ಮೈಕಲ್ಲಿ ಇವತ್ತಿನ ಜನ 8,972 ಅಂತಾನೇ ಹೇಳೋದು, ಎಲ್ರೂ ಚಪ್ಪಾಳೆ ಹೊಡೀತಾರೆ. ನೀನೂ ಹೊಡಿ.

ಕುಟುಂಬ ಕರ್ಕೊಂಡು ಹೋಗ್ಬಹುದು, ಹೋಗ್ಲೇಬೇಕು. ಎರಡೂ ಟೀಮಿನೋರು ಒಟ್ಟಿಗೇ ಕೂರ್ತಾರೆ, ಬೇರೆ ಬೇರೆ ಬೇಲಿ ಇಲ್ಲ. ಕುಡಿದು ಬಾಯಿಗೆ ಬಂದಂಗೆ ಮಾತಾಡೋರು ಒಬ್ರೋ ಇಬ್ರೋ ಇದ್ದೇ ಇರ್ತಾರೆ, ನಮ್ಮ ಬಣ್ಣ ನೋಡಿ ಏನಾದ್ರೂ ಅಂದ್ರೆ ನೀನು ವಾದಕ್ಕೆ ನಿಲ್ಲಬೇಡ, ಸೆಕ್ಯುರಿಟಿಗೆ ಹೇಳು, ಮಕ್ಕಳಿರೋ ಕಡೆ ಹೋಗಿ ಕೂರು. ನನಗೆ ಬೈದೋರಿಗಿಂತ ಜಾಗ ಮಾಡ್ಕೊಟ್ಟೋರೇ ಜಾಸ್ತಿ, ಅದನ್ನೂ ಹೇಳ್ಬೇಕು. ತಿನ್ನಕ್ಕೆ ಪೈ ಅಂತ ಮಾರ್ತಾರೆ, ಅದ್ರೊಳಗೆ ಸಾಮಾನ್ಯವಾಗಿ ದನದ ಮಾಂಸ, ಕೇಳದೆ ತಗೋಬೇಡ. ಬಿಸಿ ಚಿಪ್ಸ್ ತಗೋ, ಚಿಕನ್ ಸಾಲ್ಟ್ ಹಾಕ್ಲಾ ಅಂತಾರೆ, ಸಾದಾ ಉಪ್ಪು ಸಾಕು ಅನ್ನು. ನಾವು ಚಿತ್ರಾನ್ನ ಕಟ್ಕೊಂಡು ಹೋಗ್ತೀವಿ, ಬಾಗಿಲಲ್ಲಿ ಬ್ಯಾಗ್ ನೋಡ್ತಾರೆ, ಗಾಜಿನ ಬಾಟಲಿ, ಕ್ಯಾನು ಇಲ್ದಿದ್ರೆ ಸಾಕು.

ಯಾವ ಟೀಮ್ ಅಂತ ಯಾರಾದ್ರೂ ಕೇಳಿದ್ರೆ ಗೆಲ್ಲೋ ಟೀಮ್ ಹೆಸರು ಹೇಳ್ಬೇಡ. ನೀನಿರೋದು ವೆಸ್ಟ್‌ಮೀಡಲ್ಲಿ, ಪ್ಯಾರಮಾಟಾ ಈಲ್ಸ್ ನಿನ್ನ ಟೀಮು, ನೀಲಿ ಹಳದಿ. 1986 ಆದ್ಮೇಲೆ ಕಪ್ ಗೆದ್ದಿಲ್ಲ ನಿಜ, ಆದ್ರೂ ಅದೇ. 1981ರಲ್ಲಿ ಮೊದಲ ಸಲ ಗೆದ್ದ ರಾತ್ರಿ ಅವರ ಅಭಿಮಾನಿಗಳು ಖುಷಿಲಿ ತಮ್ಮದೇ ಹಳೇ ಕಂಬರ್ಲೆಂಡ್ ಓವಲ್‌ಗೆ ಬೆಂಕಿ ಹಾಕಿದ್ರು ಅಂದ್ರೆ ಎಂಥ ಹುಚ್ಚು ಯೋಚ್ನೆ ಮಾಡು. ಆಮೇಲೆ ಕಟ್ಟಿದ ಸ್ಟೇಡಿಯಂನ 2017ರಲ್ಲಿ ಕೆಡವಿ 2019ರಲ್ಲಿ 30 ಸಾವಿರ ಸೀಟಿನದ್ದು ಕಟ್ಟಿದ್ದಾರೆ. ನಿನ್ನ ಮನೆಯಿಂದ ನಡ್ಕೊಂಡೇ ಹೋಗ್ಬಹುದು, ಚೆನ್ನಾಗಿದೆ, ಆದ್ರೆ ಹುಲ್ಲಿನ ಗುಡ್ಡ ಇಲ್ಲ.

ಇನ್ನೊಂದು, ವೆಂಟ್‌ವರ್ತ್‌ವಿಲ್‌ಗೆ ದೋಸೆ ತಿನ್ನಕ್ಕೆ ಹೋಗ್ತೀಯಲ್ಲ, ಅಲ್ಲೇ ರಿಂಗ್‌ರೋಸ್ ಪಾರ್ಕ್ ಅಂತಿದೆ, ವೆಂಟಿ ಮ್ಯಾಗ್‌ಪೈಸ್ ಅನ್ನೋ ಬಡಾವಣೆ ಕ್ಲಬ್ಬಿನ ಗ್ರೌಂಡು. ನಮ್ಮೋರು ಆ ಬೀದಿಗಳಲ್ಲಿ ತುಂಬ್ಕೊಂಡಿದ್ದಾರೆ, ಒಳಗೆ ಹೋದೋರು ನನಗೆ ಸಿಕ್ಕಿದ್ದು ಬೆರಳೆಣಿಕೆ. ಮಕ್ಕಳ ಕಪ್ಪು ಬಿಳಿ ಜೆರ್ಸಿ ಕಂಡ್ರೆ ನಿಂತು ನೋಡು. ಹೋಗೋ ದಿನ ಮೊದಲೇ ಹೇಳು, ಜಮಖಾನ ನಾನೇ ತರ್ತೀನಿ, ಜುಲೈನಲ್ಲಿ ಹುಲ್ಲು ಒದ್ದೆ ಇರುತ್ತೆ, ಮಗೂಗೆ ಇನ್ನೊಂದು ಜೊತೆ ಸಾಕ್ಸ್ ಇಟ್ಕೊಂಡು ಬನ್ನಿ.