ರಣವಿಜಯ್ ಮೊದಲು ಸ್ಪರ್ಧಿಯಾ, ನಿರೂಪಕನಾ?

ನಿಮ್ಮ ಪ್ರಶ್ನೆ: ಉದ್ಯಮಿಗಳು ಹೂಡಿಕೆದಾರರ ಮುಂದೆ ಹಣ ಕೇಳುವ ಟಿವಿ ಶೋ 'ಶಾರ್ಕ್ ಟ್ಯಾಂಕ್ ಇಂಡಿಯಾ'ದ ಮೊದಲ ಸೀಸನ್ ನಡೆಸಿಕೊಟ್ಟ ರಣವಿಜಯ್ ಸಿಂಘಾ ನಿಜಕ್ಕೂ 'ರೋಡೀಸ್' ರಿಯಾಲಿಟಿ ಶೋ ಗೆದ್ದವರಾ, ಅಥವಾ ಸುಮ್ನೆ ಅದರ ನಿರೂಪಕರಾಗಿದ್ದರಾ? ಎರಡೂ ಹೌದು.

2003ರಲ್ಲಿ ಎಂಟಿವಿ ರೋಡೀಸ್ ಮೊದಲ ಸೀಸನ್ ಬಂತು. ಕೆಲವೇ ಜನ, ಬೈಕು, ಚೆನ್ನೈನಿಂದ ಹಿಮಾಚಲದ ಚೈಲ್‌ವರೆಗಿನ ದಾರಿ. ಈಗಿನ ಕಿರುಚಾಟ ಆಗ ಇರಲಿಲ್ಲ. ಅದನ್ನು ಗೆದ್ದವರು ರಣವಿಜಯ್. ಸೇನಾ ಕುಟುಂಬದ ಹುಡುಗ, ತಾನೂ ಸೇನೆಗೇ ಸೇರಬೇಕು ಅಂದುಕೊಂಡಿದ್ದವರು. ಆ ಗೆಲುವಿನಿಂದ ಟಿವಿ ಕಡೆ ತಿರುಗಿದರು. ಎಂಟಿವಿ ಚಾನೆಲ್ ಅವರನ್ನು ವಿಜೆ (ಮ್ಯೂಸಿಕ್ ಚಾನೆಲ್ ನಿರೂಪಕ) ಮಾಡಿಕೊಂಡಿತು, ಆಮೇಲೆ ಅದೇ ರೋಡೀಸ್‌ಗೆ ನಿರೂಪಕರಾದರು. ಟಾಸ್ಕ್ ಮಾಡಿ ಬಂದವನೇ ಟಾಸ್ಕ್ ವಿವರಿಸಿದರೆ ಸ್ಪರ್ಧಿಗಳು ಕಿವಿಗೊಡುತ್ತಾರೆ ಅಲ್ವಾ? ನನ್ನ ಲೆಕ್ಕದಲ್ಲಿ ಅವರ ಬಂಡವಾಳ ಅದೇ, ಮಾತುಗಾರಿಕೆ ಅಲ್ಲ.

'ಲಂಡನ್ ಡ್ರೀಮ್ಸ್', 'ಆಕ್ಷನ್ ರೀಪ್ಲೇ' ಥರದ ಸಿನಿಮಾಗಳಲ್ಲೂ ಮಾಡಿದರು. ಜಾಸ್ತಿ ಹೆಸರು ಬರಲಿಲ್ಲ. ಸನ್ನಿ ಲಿಯೋನ್ ಜೊತೆ ಡೇಟಿಂಗ್ ರಿಯಾಲಿಟಿ ಶೋ 'ಸ್ಪ್ಲಿಟ್ಸ್‌ವಿಲ್ಲಾ'ದ ಹಲವು ಸೀಸನ್ ನಡೆಸಿಕೊಟ್ಟರು. ಶಾರ್ಕ್ ಟ್ಯಾಂಕ್ ಶುರುವಾಗಿದ್ದು 2021ರ ಡಿಸೆಂಬರ್‌ನಲ್ಲಿ. ಅದರ ಎರಡನೇ ಸೀಸನ್‌ಗೆ ನಿರೂಪಕರಾಗಿ ಕಾಮಿಡಿಯನ್ ರಾಹುಲ್ ದುವಾ ಬಂದರು. 2022ರಲ್ಲಿ ರೋಡೀಸ್ ಕೂಡ ಸೋನು ಸೂದ್ ಕೈಗೆ ಹೋಯಿತು. ಆದರೆ 2025ರ ಸೀಸನ್‌ಗೆ ರಣವಿಜಯ್ ವಾಪಸ್ ಬಂದರು.

ಅಂದಹಾಗೆ, ರೋಡೀಸ್ ಎರಡನೇ ಸೀಸನ್ ಗೆದ್ದವರು ಆಯುಷ್ಮಾನ್ ಖುರಾನಾ. ಅವರೂ ಮೊದಲು ವಿಜೆ, ನಿರೂಪಕರಾಗಿಯೇ ಇದ್ದವರು. 2012ರಲ್ಲಿ 'ವಿಕ್ಕಿ ಡೋನರ್' ಸಿನಿಮಾ ಬಂದ ಮೇಲೆ ಅವರ ದಾರಿ ಬೇರೆಯಾಯಿತು.